ಊರಿಗೆ ಹೋದ ಮೇಲೆ ಎನ್ನುವ ಮೊದಲು

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಮಾತೊಂದಿದೆ: "ಅದೆಲ್ಲ ಊರಿಗೆ ಹೋದ ಮೇಲೆ." ಹಾರ್ಮೋನಿಯಂ ಕಲಿಯುವುದು ಊರಿಗೆ ಹೋದ ಮೇಲೆ. ಕುಳಿತು ನಿಧಾನವಾಗಿ ಉಣ್ಣುವುದು ಊರಿಗೆ ಹೋದ ಮೇಲೆ. ಹೂವಿನ ಗಿಡ, ಬೆಳಗಿನ ನಡಿಗೆ, ಅಕ್ಕತಂಗಿಯರೊಂದಿಗೆ ಮನಬಿಚ್ಚಿ ಮಾತು, ಎಲ್ಲವೂ ಆಮೇಲೆ. ದುಡಿಮೆ ಇಲ್ಲಿ, ಬದುಕು ಅಲ್ಲಿ ಎಂದು ನಾವು ಪಾಲು ಮಾಡಿಕೊಂಡುಬಿಟ್ಟಿದ್ದೇವೆ.

ನನ್ನ ಅಪ್ಪಯ್ಯ ಹಾಗೆ ಪಾಲು ಮಾಡಿಕೊಂಡವರು. ಕುಂದಾಪುರದ ಕಡೆಯಿಂದ ಹದಿನಾಲ್ಕನೆಯ ವಯಸ್ಸಿಗೆ ಬಂದು ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ಲೋಟ ತೊಳೆದರು. ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಮೆಟ್ರಿಕ್ ಮುಗಿಸಿದರು. ಮುಂದೆ ಒಂದು ಕಂಪನಿಯ ಉಗ್ರಾಣದಲ್ಲಿ ಗುಮಾಸ್ತರಾಗಿ ಮೂವತ್ತೆಂಟು ವರ್ಷ ದುಡಿದರು. ಆ ದುಡ್ಡಿನಲ್ಲಿ ಊರಿನಲ್ಲಿ ಹಂಚಿನ ಮನೆ ಎದ್ದಿತು, ಚಾವಡಿಗೆ ತೂಗುಮಂಚ ಬಂತು. ನಿವೃತ್ತರಾದ ತಿಂಗಳೇ ಅಮ್ಮನನ್ನು ಕರೆದುಕೊಂಡು ಹೊರಟರು.

ಮೊದಲ ಮಳೆಗಾಲ ಮುಗಿಯುವ ಮುನ್ನವೇ ಅವರಿಂದ ಸಂಜೆಯ ಫೋನುಗಳು ಬರತೊಡಗಿದವು. ಹಿನ್ನೆಲೆಯಲ್ಲಿ ತೂಗುಮಂಚದ ಸರಪಳಿ ಕಿರುಗುಟ್ಟುವುದು ಕೇಳಿಸುತ್ತಿತ್ತು. "ಎಂಟು ಹದಿನಾಲ್ಕರ ಲೋಕಲ್ ರೈಲು ಈಗಲೂ ಇದೆಯೇ? ಸೇತುವೆಯ ಕೆಳಗಿನ ಚಹಾದವನು ಹೇಗಿದ್ದಾನೆ? ನಮ್ಮ ರೈಲಿನ ಡಬ್ಬಿಯಲ್ಲಿ ಭಜನೆ ಹೇಳುತ್ತಿದ್ದವರು ಯಾರಾದರೂ ಸಿಕ್ಕಿದ್ದರೇ?" ಒಂದು ದಿನ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅಲ್ಲಿದ್ದಾಗ ಅದೇ ಸಂತೋಷ ಎಂದು ನನಗೆ ತಿಳಿಯಲಿಲ್ಲ ಮಗಳೇ."

ನಾನು ಡೊಂಬಿವಲಿಯಿಂದ ದಿನಾ ಫೋರ್ಟಿನ ಕಡೆಗೆ ಹೋಗಿಬರುವವಳು. ಅಪ್ಪಯ್ಯನ ಆ ಮಾತು ನನ್ನನ್ನು ಬಹಳ ಕಾಡಿತು. ನಾನೂ ಅದೇ ದಾರಿಯಲ್ಲಿದ್ದೆ. ಆಮೇಲಿನ ಹತ್ತು ವರ್ಷಗಳಲ್ಲಿ ಕೆಲವನ್ನು ಓದಿ, ಹೆಚ್ಚಿನದನ್ನು ಮಾಡಿ ನೋಡಿ ಕಲಿತೆ. ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಕೊಂಡು ಓಡುವವರಿಗೆ ಉಪಯೋಗಕ್ಕೆ ಬಂದೀತೆಂದು ಅದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಒಂದು ಹೆಜ್ಜೆಗೆ ಎರಡು ವಾರವಾದರೂ ಕೊಡಿ.

ಮೊದಲ ಹೆಜ್ಜೆ: ಮುಂದೂಡಿದ್ದನ್ನು ಬರೆಯಿರಿ

ಇನ್ನೂರು ಪುಟದ ಒಂದು ಸಾದಾ ನೋಟುಪುಸ್ತಕ ಸಾಕು. ಎಡಗಡೆಯ ಪುಟದಲ್ಲಿ ನೀವು ಊರಿಗೆ, ನಿವೃತ್ತಿಗೆ, ಮಕ್ಕಳ ಮದುವೆಯ ಆಚೆಗೆ ಮುಂದೂಡಿದ್ದನ್ನೆಲ್ಲ ಬರೆಯಿರಿ. ನಾಚಿಕೆ ಬೇಡ, ಯಾರೂ ಓದುವುದಿಲ್ಲ. ನನ್ನ ಪಟ್ಟಿ ಹದಿನೇಳು ಸಾಲು ಇತ್ತು. ಅದರಲ್ಲಿ ಒಂದು, "ಮಧ್ಯಾಹ್ನ ಮಲಗಿ ಮಳೆಯ ಸದ್ದು ಕೇಳುವುದು."

ಬಲಗಡೆಯ ಪುಟದಲ್ಲಿ, ಪ್ರತಿಯೊಂದರ ಎದುರಿಗೆ, ಅದರ ಯಾವ ತುಣುಕು ಈ ವಾರವೇ ಇಲ್ಲೇ ಸಾಧ್ಯ ಎಂದು ಬರೆಯಿರಿ. ಅರ್ಧ ಗಂಟೆ ಮತ್ತು ನೂರು ರೂಪಾಯಿ ಮೀರಬಾರದು ಎಂಬ ಕಟ್ಟು ಹಾಕಿಕೊಳ್ಳಿ. ಎಡಗಡೆ "ತೋಟ" ಎಂದಿದ್ದರೆ ಬಲಗಡೆ ಕಿಟಕಿಯ ಗ್ರಿಲ್ಲಿನಲ್ಲಿ ಒಂದು ಕುಂಡ. "ಇಡೀ ರಾತ್ರಿ ಯಕ್ಷಗಾನ" ಎಂದಿದ್ದರೆ ಇದಕ್ಕಾಗಿ ಊರಿಗೆ ಹೋಗಬೇಕಾಗಿಯೇ ಇಲ್ಲ. ಮಳೆಗಾಲದಲ್ಲಿ ಕರಾವಳಿಯ ಬಯಲಾಟಗಳು ನಿಂತಾಗ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೇ ಬರುತ್ತಾರೆ. ನನ್ನ ಮಳೆಯ ಸದ್ದಿಗೆ ಜೂನ್ ತಿಂಗಳ ಒಂದು ಭಾನುವಾರ, ಮೊಬೈಲನ್ನು ಕಪಾಟಿನೊಳಗಿಟ್ಟ ಅರ್ಧ ಗಂಟೆ ಸಾಕಾಯಿತು. ಮೇಲಿನ ಮನೆಯವರ ತಗಡಿನ ಮಾಡಿನ ಮೇಲೆ ಬೀಳುವ ಮಳೆಗೂ ಊರಿನ ಹಂಚಿನ ಮೇಲೆ ಬೀಳುವ ಮಳೆಗೂ ಸದ್ದಿನಲ್ಲಿ ವ್ಯತ್ಯಾಸ ಇದ್ದೇ ಇದೆ. ಆದರೆ ತಗಡಿನ ಸದ್ದೂ ಚೆನ್ನಾಗಿದೆ, ನಾನು ಅದುವರೆಗೆ ಕೇಳಿಸಿಕೊಂಡಿರಲಿಲ್ಲ.

ಕೆಲವಕ್ಕೆ ತುಣುಕು ಸಾಲದು. "ಅಮ್ಮನ ಪಕ್ಕದಲ್ಲಿ ಕೂರುವುದು" ಎಂಬ ಸಾಲಿನ ಎದುರಿಗೆ ವಿಡಿಯೊ ಕರೆ ಎಂದು ಬರೆದು ತೃಪ್ತಿ ಪಡಬೇಡಿ. ಅಲ್ಲಿ ದಿನಾಂಕ ಬರೆಯಿರಿ. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡತೊಡಗುವ ಮೊದಲು ನಮ್ಮವರು ಘಾಟಿ ಇಳಿಯುವ ಬಸ್ಸಿನಲ್ಲಿ ಹಗಲು ರಾತ್ರಿ ಕುಲುಕಿಕೊಂಡು ಹೋಗುತ್ತಿದ್ದರು. ಈಗ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಿಗ್ಗೆ ಊರಿನ ಗಾಳಿ. ಟಿಕೆಟಿನ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ. ಹಬ್ಬದ ದಿನವನ್ನೇ ಹಿಡಿಯಬೇಕಾಗಿಲ್ಲ. ಏನೂ ವಿಶೇಷವಿಲ್ಲದ ವಾರದಲ್ಲಿ ಹೋದರೆ ಅಮ್ಮನಿಗೆ ಅಡುಗೆಯ ಗಡಿಬಿಡಿಯಿಲ್ಲ, ಕೂರಲು ಪುರುಸೊತ್ತಿರುತ್ತದೆ.

ಎರಡನೆಯ ಹೆಜ್ಜೆ: ಎರಡನೆಯ ಪ್ರಶ್ನೆ

ಲೋಕಲಿನಲ್ಲಿ ನಾವೆಲ್ಲ ಕೇಳುವ ಪ್ರಶ್ನೆ ಒಂದೇ: "ಎಲ್ಲಿ ಇಳಿಯುತ್ತೀರಿ?" ಎದುರಿನವರು "ಕುರ್ಲಾ" ಎಂದರೆ ಸೀಟು ಗೊತ್ತಾಯಿತು, ಮಾತು ಮುಗಿಯಿತು. ಮುಂದಿನ ಮುಕ್ಕಾಲು ಗಂಟೆ ಎಲ್ಲರೂ ಮೊಬೈಲಿಗೆ ತಲೆ ಬಗ್ಗಿಸುತ್ತೇವೆ. ನನ್ನ ಸಲಹೆ ಇಷ್ಟೇ: ದಿನಕ್ಕೊಮ್ಮೆ ಒಬ್ಬರಿಗೆ ಎರಡನೆಯ ಪ್ರಶ್ನೆಯನ್ನೂ ಕೇಳಿ. ಮನೆತನ, ಸಂಬಳ, ಮದುವೆ ಬೇಡ. ಕಣ್ಣೆದುರು ಇರುವುದನ್ನು ಕೇಳಿ. "ಈ ಮೆಂತ್ಯ ಎಲ್ಲಿ ತಗೊಂಡಿರಿ, ಇಷ್ಟು ಹಸಿಯಾಗಿದೆಯಲ್ಲ?"

ಮಾತು ಎದುರಿನವರಿಗೆ ಕಿರಿಕಿರಿಯಾದೀತು ಎಂಬ ಅಂಜಿಕೆ ಸಹಜ. ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಎಂಬ ಮನಶ್ಶಾಸ್ತ್ರಜ್ಞರು ಶಿಕಾಗೊದ ರೈಲು ಬಸ್ಸುಗಳಲ್ಲಿ ಇದನ್ನೇ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಅಪರಿಚಿತರ ಜೊತೆ ಮಾತಾಡುವುದಕ್ಕಿಂತ ಒಬ್ಬರೇ ಕುಳಿತಿರುವುದೇ ಹಿತ ಎಂದು ಜನ ಮೊದಲೇ ಊಹಿಸಿದ್ದರು. ನಿಜವಾಗಿ ಮಾತಾಡಿದವರೇ ತಮ್ಮ ಪ್ರಯಾಣ ಹೆಚ್ಚು ಚೆನ್ನಾಗಿತ್ತು ಎಂದರು. ಶಿಕಾಗೊದಲ್ಲಿ ಹೀಗಾದರೆ, ಮೂವರ ಬೆಂಚಿನಲ್ಲಿ ನಾಲ್ಕನೆಯವರಿಗೂ ಜಾಗ ಮಾಡಿಕೊಡುವ ನಮ್ಮ ರೈಲಿನಲ್ಲಿ ಇನ್ನೂ ಸುಲಭವಾಗಬೇಕು.

ನಾನು ಶುರು ಮಾಡಿದ್ದು ಸಂಜೆಯ ರೈಲಿನಲ್ಲಿ. ಎದುರಿಗೆ ನಡುವಯಸ್ಸಿನ ಹೆಂಗಸೊಬ್ಬರು ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹರಡಿಕೊಂಡು ಬಟಾಣಿ ಸುಲಿಯುತ್ತಿದ್ದರು. ಹೆಬ್ಬೆರಳಿನ ಉಗುರಿನಿಂದ ಕಾಯಿಯ ಬೆನ್ನು ಸೀಳುವುದು, ಅದೇ ಬೆರಳನ್ನು ಒಳಗೆ ಜಾರಿಸುವುದು, ಕಾಳುಗಳು ಸಾಲಾಗಿ ಡಬ್ಬಿಗೆ ಬೀಳುವುದು. ಥಾಣೆ ದಾಟುವಷ್ಟರಲ್ಲಿ ನಾನೂ ಒಂದು ಹಿಡಿ ತೆಗೆದುಕೊಂಡು ಸುಲಿಯತೊಡಗಿದ್ದೆ. ಅವರು ಮರಾಠಿ, ನಾನು ಕನ್ನಡ, ನಡುವೆ ನಮ್ಮ ಮುಂಬಯಿ ಹಿಂದಿ. ಈಗ ಒಂಬತ್ತು ವರ್ಷದ ಗೆಳೆತನ. ಕಳೆದ ವರ್ಷ ನನಗೆ ಶಸ್ತ್ರಚಿಕಿತ್ಸೆಯಾದಾಗ ಮೂರು ವಾರ ನನ್ನ ಮನೆಗೆ ಭಾಕರಿ ಬಂದದ್ದು ಅವರ ಕೈಯಿಂದ. ದಸರೆಯ ಮುನ್ನಾ ದಿನ ನಮ್ಮ ರೈಲಿನ ಡಬ್ಬಿಗೆ ಚೆಂಡು ಹೂವಿನ ಮಾಲೆ ಕಟ್ಟುವವರಲ್ಲಿ ನಾನೂ ಒಬ್ಬಳು.

ಈ ಅಭ್ಯಾಸ ಸುಲಭವಾಗಿ ಗಟ್ಟಿಯಾಗಲು ಒಂದು ಉಪಾಯ: ದಿನಾ ಅದೇ ಗಾಡಿ, ಅದೇ ಡಬ್ಬಿ, ಅದೇ ಬಾಗಿಲು. ಮುಖ ಪರಿಚಯವಾಗದೆ ಮಾತು ಹುಟ್ಟುವುದಿಲ್ಲ.

ಈ ಹೆಜ್ಜೆಯ ಮೇಲೆ ನನಗೆ ಇಷ್ಟು ನಂಬಿಕೆ ಬರಲು ಇನ್ನೊಂದು ಕಾರಣವಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಆಗ ನನಗೆ ಕೆಲಸ ಸಿಕ್ಕಿ ಎರಡು ವರ್ಷ. ರೈಲು ನಿಂತುಹೋಗಿ, ಸಾಯನ್‌ನಿಂದ ಘಾಟ್‌ಕೋಪರ್‌ವರೆಗೆ ಸೊಂಟದ ತನಕದ ನೀರಿನಲ್ಲಿ, ಗುರುತಿಲ್ಲದ ಹೆಂಗಸರ ಕೈ ಹಿಡಿದುಕೊಂಡು ನಡೆದೆ. ಒಂದು ಗುಜರಾತಿ ಮನೆಯವರು ಮೆಟ್ಟಿಲ ಮೇಲೆ ನಿಂತು ನಮ್ಮನ್ನು ಒಳಗೆ ಕರೆದರು. ಹದಿನೊಂದು ಜನ ಅಲ್ಲಿ ರಾತ್ರಿ ಕಳೆದೆವು. ಬಿಸಿ ಖಿಚಡಿ, ಒಣ ಸೀರೆ. ಆ ಬಾಗಿಲಿನ ಮುಂದೆ ನಾನು ಅದಕ್ಕೂ ಮೊದಲು ಎಷ್ಟೋ ಸಲ ಹಾದುಹೋಗಿದ್ದೆ.

ಮೂರನೆಯ ಹೆಜ್ಜೆ: ವಾರಕ್ಕೊಂದನ್ನು ಪೂರ್ತಿ ನೋಡಿ

ದಿನಾ ಕಂಡದ್ದು ಕಣ್ಣಿಗೆ ಬೀಳುವುದಿಲ್ಲ. ಹೊಸ ಮನೆಯ ಖುಷಿಯೂ ವರ್ಷ ಕಳೆದರೆ ಸಪ್ಪೆಯಾಗುತ್ತದೆ, ಮನಸ್ಸು ಎಲ್ಲಕ್ಕೂ ಬೇಗ ಒಗ್ಗಿಕೊಳ್ಳುತ್ತದೆ. ಇದಕ್ಕೆ ಮದ್ದು ಹೊಸದನ್ನು ಕೊಳ್ಳುವುದಲ್ಲ, ಹಳೆಯದರ ಮುಂದೆ ಹತ್ತು ನಿಮಿಷ ನಿಲ್ಲುವುದು.

ಮಾಟುಂಗ ಸ್ಟೇಷನ್ನಿನಲ್ಲಿ ಇಳಿದು ಮಾರುಕಟ್ಟೆಯ ಕಡೆ ನಡೆಯಿರಿ. ಕರಿಬೇವಿನ ಕಟ್ಟು, ಬಾಳೆಎಲೆಯ ಸುರುಳಿ, ಮಂಗಳೂರು ಸೌತೆ, ಬಸಳೆ. ಹೂ ಕಟ್ಟುವವರ ಮುಂದೆ ನಿಲ್ಲಿ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಎಳೆತ. ಅವರು ಕೈ ನೋಡಿಕೊಳ್ಳುವುದೇ ಇಲ್ಲ, ಗಿರಾಕಿಯೊಡನೆ ಚೌಕಾಶಿ ಮಾಡುತ್ತಲೇ ಮಾಲೆ ಬೆಳೆಯುತ್ತದೆ. ಒಂದು ಮೊಳ ಕೊಂಡು ರೈಲು ಹತ್ತಿ, ಇಡೀ ಡಬ್ಬಿ ಘಮಘಮಿಸುತ್ತದೆ. ಹಸಿವಾಗಿದ್ದರೆ ಸ್ಟೇಷನ್ನಿನ ಹತ್ತಿರವೇ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿದೆ. ಬಾಳೆಎಲೆಯ ಮೇಲೆ ಉಣ್ಣಿ. ಉಣ್ಣುವಷ್ಟು ಹೊತ್ತು ಮೊಬೈಲನ್ನು ಮುಟ್ಟಬೇಡಿ, ಸಾರಿನ ರುಚಿ ನಿಮಗೇ ಹೊಸದೆನ್ನಿಸುತ್ತದೆ.

ಚಳಿಗಾಲ ಬೇಸಿಗೆಗಳಲ್ಲಾದರೆ ಶಿವಡಿಯ ಕೆಸರು ದಂಡೆಗೋ ಥಾಣೆ ಖಾಡಿಯ, ಅಂದರೆ ಹಿನ್ನೀರಿನ, ಐರೋಳಿಗೋ ರಾಜಹಂಸಗಳನ್ನು (ಫ್ಲೆಮಿಂಗೊ) ನೋಡಲು ಹೋಗಿ. ನೀರಿನ ಉಬ್ಬರ ಇಳಿತದ ಹೊತ್ತನ್ನು ಮೊದಲೇ ನೋಡಿಕೊಂಡು ಹೊರಡಿ. ತಿನ್ನುವ ಪಾಚಿಯ ಬಣ್ಣವೇ ಆ ಹಕ್ಕಿಗಳ ರೆಕ್ಕೆಗೆ ಗುಲಾಬಿಯಾಗಿ ಇಳಿಯುತ್ತದೆ. ಕಾರ್ಖಾನೆಯ ಚಿಮಣಿಗಳ ಎದುರಿಗೆ ಸಾವಿರಾರು ಹಕ್ಕಿಗಳು ತಲೆ ಕೆಳಗೆ ಮಾಡಿ ಕೆಸರು ಸೋಸುವುದನ್ನು ಮಕ್ಕಳಿಗೆ ತೋರಿಸಿ. ಖರ್ಚು ರೈಲಿನ ಟಿಕೆಟ್ಟು ಮತ್ತು ಸ್ವಲ್ಪ ರಿಕ್ಷಾ.

ನಾಲ್ಕನೆಯ ಹೆಜ್ಜೆ: ಭಾನುವಾರದ ಐದು ಸಾಲು

ಅದೇ ನೋಟುಪುಸ್ತಕದ ಹಿಂದಿನ ಪುಟದಿಂದ ಶುರು ಮಾಡಿ, ವಾರಕ್ಕೊಮ್ಮೆ ಐದು ಸಾಲು ಬರೆಯಿರಿ: ಈ ವಾರ ಯಾವುದಕ್ಕಾಗಿ, ಯಾರಿಗಾಗಿ ಮನಸ್ಸು ತುಂಬಿ ಬಂತು? ರಾಬರ್ಟ್ ಎಮನ್ಸ್ ಮತ್ತು ಮೈಕೇಲ್ ಮೆಕಲೋ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪು ಹತ್ತು ವಾರ ಹೀಗೆ ಬರೆಯಿತು, ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು. ಮೊದಲ ಗುಂಪಿನವರಿಗೆ ತಮ್ಮ ಬದುಕು ಒಟ್ಟಾರೆ ಹೆಚ್ಚು ಚೆನ್ನಾಗಿದೆ ಅನ್ನಿಸಿತು.

ನಾನು ಮೊದಲು ದಿನಾ ಬರೆದೆ. ತಿಂಗಳಿಗೇ ಅದು ಹಾಲಿನ ಲೆಕ್ಕದಂತಾಯಿತು. ವಾರಕ್ಕೊಮ್ಮೆಯೇ ಸರಿ. "ಒಳ್ಳೆಯ ಕುಟುಂಬ" ಎಂದು ಬರೆದರೆ ಏನೂ ಆಗುವುದಿಲ್ಲ. "ಗುರುವಾರ ನೀರು ಹೋಗುವ ಮೊದಲು ಮಗ ತಾನಾಗಿಯೇ ಎದ್ದು ಎರಡು ಕೊಡ ತುಂಬಿಸಿಟ್ಟ" ಎಂದು ಬರೆಯಿರಿ. ಬರೆದದ್ದನ್ನು ಆ ಹುಡುಗನಿಗೆ ಹೇಳಿಯೂ ಬಿಡಿ.

ಐದನೆಯ ಹೆಜ್ಜೆ: ಕೈ ಮೊದಲು

ಮನಸ್ಸಿಲ್ಲದ ದಿನ ಮನಸ್ಸು ಬರಲಿ ಎಂದು ಕಾಯಬೇಡಿ. ಚಪ್ಪಲಿ ಮೆಟ್ಟಿ ಕಟ್ಟಡದ ಸುತ್ತ ಒಂದು ಸುತ್ತು ಬನ್ನಿ, ಒಂದು ಪಾತ್ರೆ ಬೆಳಗಿ, ದೇವರ ಮುಂದೆ ದೀಪ ಹಚ್ಚಿ. ಖಿನ್ನತೆಯ ಚಿಕಿತ್ಸೆಯಲ್ಲಿ ಮನೋವೈದ್ಯರು ಬಳಸುವ ಒಂದು ವಿಧಾನಕ್ಕೆ ಇದೇ ಬುನಾದಿ: ಮೊದಲು ಸಣ್ಣ ಕೆಲಸ, ಅದರ ಹಿಂದೆ ಉತ್ಸಾಹ. ಹೆಚ್ಚು ವಿವರ ಬೇಡದ ಹೆಜ್ಜೆ ಇದು, ಮಾಡಿದರೆ ಗೊತ್ತಾಗುತ್ತದೆ.

ಆರನೆಯ ಹೆಜ್ಜೆ: ಒಬ್ಬರಿಗಾದರೂ ಬೇಕಾಗಿ

ಸಂತೋಷಕ್ಕೆ ಹೂವಿನ ಮಾಲೆ ಸಾಕು, ಬದುಕಿಗೆ ಅರ್ಥ ಬರಲು ಸಾಲದು. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ನಾತ್ಸಿಗಳ ಯಾತನಾ ಶಿಬಿರಗಳಿಂದ ಬದುಕಿ ಬಂದವರು. ಅರ್ಥ ಸಿಗುವ ದಾರಿ ಮೂರು ಎಂದು ಅವರು ಹೇಳುತ್ತಿದ್ದರು: ಏನನ್ನಾದರೂ ಮಾಡುವುದು, ಯಾರನ್ನಾದರೂ ಯಾವುದನ್ನಾದರೂ ಪ್ರೀತಿಸುವುದು, ತಪ್ಪಿಸಲಾಗದ ದುಃಖವನ್ನು ಹೇಗೆ ಹೊರುತ್ತೇವೆ ಎಂಬುದು. ಮೂರರಲ್ಲೂ ಕಣ್ಣು ತನ್ನ ಮೇಲಲ್ಲ, ಆಚೆಗೆ.

ಮುಂಬಯಿ ಕನ್ನಡಿಗರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿ ಪಾಠ ಹೇಳಿದವರೂ ಹಗಲು ಬೇರೆ ಕೆಲಸ ಮಾಡಿ ದಣಿದವರೇ. ಅಪ್ಪಯ್ಯನ ಮಾಸ್ತರರೊಬ್ಬರು ಕಚೇರಿ ಮುಗಿಸಿ ನೇರ ಶಾಲೆಗೆ ಬರುತ್ತಿದ್ದರಂತೆ. ಬೆಂಚಿನ ಮೇಲೆ ನಿದ್ದೆಹೋದ ಹುಡುಗನನ್ನು ಅವರು ಬೈದು ಎಬ್ಬಿಸುತ್ತಿರಲಿಲ್ಲ, ಅವನ ಪುಸ್ತಕದಲ್ಲಿ ಪಾಠವನ್ನು ತಾವೇ ಬರೆದಿಡುತ್ತಿದ್ದರಂತೆ. ಆ ಪುಸ್ತಕವೊಂದು ಇನ್ನೂ ನಮ್ಮಲ್ಲಿದೆ. ಅದರಲ್ಲಿ ಎರಡು ಕೈಬರಹ: ಅಪ್ಪಯ್ಯನ ಸೊಟ್ಟ ಅಕ್ಷರ, ನಡುವೆ ನಾಲ್ಕಾರು ಪುಟ ಮಾಸ್ತರರ ದುಂಡನೆಯ ಅಕ್ಷರ.

ನೀವು ಏನು ಮಾಡಬಹುದು? ಮೊದಲು ನಿಮ್ಮ ಕಟ್ಟಡದೊಳಗೇ ನೋಡಿ. ಆಸ್ಪತ್ರೆಯ ಕಾಗದ ಓದಲು ಬಾರದ ಅಜ್ಜಿ, ಬ್ಯಾಂಕಿನ ಅರ್ಜಿ ತುಂಬಿಸಲು ತಡಕಾಡುವವರು, ಪರೀಕ್ಷೆಗೆ ಹೆದರುವ ಹುಡುಗಿ ಇದ್ದೇ ಇರುತ್ತಾರೆ. ಹೊರಗೆ ಹೋಗಬಲ್ಲವರಾದರೆ ಮಾಟುಂಗದಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇದೆ, ಕರ್ನಾಟಕ ಸಂಘ ಇದೆ, ಉಪನಗರಗಳಲ್ಲಿ ಭಜನಾ ಮಂಡಳಿಗಳಿವೆ. ಕುರ್ಚಿ ಜೋಡಿಸಲು, ಊಟ ಬಡಿಸಲು, ಲೆಕ್ಕ ಬರೆಯಲು ಎಲ್ಲೆಡೆಯೂ ಕೈ ಬೇಕು. ವೇದಿಕೆಯ ಮೇಲಿನ ಕೆಲಸ ಕೇಳಬೇಡಿ, ಹಿಂದಿನ ಕೆಲಸ ಕೇಳಿ. ಸ್ನೇಹ ಬೆಳೆಯುವುದು ಅಲ್ಲಿ.

ನಾನು ಭಾನುವಾರ ಬೆಳಿಗ್ಗೆ ನಮ್ಮ ಕಟ್ಟಡದ ನಾಲ್ಕು ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತೇನೆ. ಅ, ಆ ಇಂದ ಶುರು ಮಾಡಿದಾಗ ಮಕ್ಕಳು ಮೂರನೆಯ ವಾರಕ್ಕೇ ಬರುವುದು ಬಿಟ್ಟರು. ಆಮೇಲೆ ಅವರವರ ಹೆಸರಿನಿಂದ, ಆಮೇಲೆ ಊರಿನ ಬಸ್ಸಿನ ಬೋರ್ಡಿನಿಂದ ಶುರು ಮಾಡಿದೆ. ಕಳೆದ ಮೇ ತಿಂಗಳಲ್ಲಿ ಒಬ್ಬ ಹುಡುಗ ಊರಿನಲ್ಲಿ ತನ್ನ ಅಜ್ಜನಿಗೆ ಬಸ್ಸಿನ ಬೋರ್ಡು ಓದಿ ಹೇಳಿದನಂತೆ. ಅಜ್ಜನಿಗೆ ಕಣ್ಣಿನ ಪೊರೆ. ಅವನ ಅಮ್ಮ ಇದನ್ನು ಹೇಳಲೆಂದೇ ಮೂರು ಮಹಡಿ ಇಳಿದು ನಮ್ಮ ಮನೆಗೆ ಬಂದರು.

ಏಳನೆಯ ಹೆಜ್ಜೆ: ಭಾರ ಇಳಿಯದಿದ್ದರೆ

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಎರಡು ವಾರಕ್ಕೂ ಮಿಕ್ಕಿ ಯಾವುದರಲ್ಲೂ ರುಚಿಯಿಲ್ಲ, ನಿದ್ದೆಯಿಲ್ಲ, ಬದುಕಿರುವುದೇ ಬೇಡ ಅನ್ನಿಸುತ್ತಿದೆ ಎಂದಾದರೆ ನೋಟುಪುಸ್ತಕದ ಕೆಲಸ ಅಲ್ಲಿಗೆ ನಿಂತಿತು. ಅದು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ, ಚಿಕಿತ್ಸೆಯಿರುವ ಕಾಯಿಲೆ. ವೈದ್ಯರನ್ನು ಕಾಣಿ. ಭಾರತ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ ಇಪ್ಪತ್ತನಾಲ್ಕು ಗಂಟೆಯೂ ಉಚಿತ. ಬದುಕು ಬೇಡವೆನ್ನಿಸಿದರೆ ನಾಳೆಗೆ ಕಾಯದೆ ಆ ಗಳಿಗೆಯಲ್ಲೇ ಕರೆ ಮಾಡಿ, ಮನೆಯವರೊಬ್ಬರಿಗೆ ಹೇಳಿ. ಒಂದು ಖೋಲಿಯಲ್ಲಿ ಐದಾರು ಜನ ಇರುವ ಈ ನಗರದಲ್ಲಿ ಒಬ್ಬರ ಸಂಕಟ ಇನ್ನೊಬ್ಬರಿಗೆ ತಿಳಿಯದೆ ಹೋಗುವುದನ್ನು ನಾನು ನೋಡಿದ್ದೇನೆ. ನಮ್ಮ ಮನೆಯಲ್ಲೇ ಆಗಿತ್ತು. ಬಾಯಿಬಿಟ್ಟು ಹೇಳಿದ ದಿನದಿಂದ ದಾರಿ ತೆರೆಯಿತು.

ಎಂಟನೆಯ ಹೆಜ್ಜೆ: ಬಸಳೆ ನೆಡಿ

ಭರವಸೆ ಎಂದರೆ ಎಲ್ಲ ಒಳ್ಳೆಯದಾಗುತ್ತದೆ ಎಂದು ಕಣ್ಣು ಮುಚ್ಚಿ ನಂಬುವುದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ನೈಡರ್ ಅದನ್ನು ಬಿಡಿಸಿ ಹೇಳಿದ್ದಾರೆ: ಒಂದು ಗುರಿ, ಅಲ್ಲಿಗೆ ಹೋಗಲು ಒಂದಕ್ಕಿಂತ ಹೆಚ್ಚು ದಾರಿ, ನಡೆಯಬಲ್ಲೆ ಎಂಬ ಧೈರ್ಯ. ಹಾಗಾಗಿ ಆರು ವಾರದಲ್ಲಿ ಕೈಗೆ ಸಿಗಬಹುದಾದ ಗುರಿಯೊಂದನ್ನು ಇಟ್ಟುಕೊಂಡು ಅಭ್ಯಾಸ ಮಾಡಿ. ಬಸಳೆಗಿಂತ ಒಳ್ಳೆಯ ಗುರು ನನಗೆ ಸಿಕ್ಕಿಲ್ಲ.

ಮಾರುಕಟ್ಟೆಯಿಂದ ತಂದ ಕಟ್ಟಿನಲ್ಲಿ ಬಲಿತ ದಂಟು ಆರಿಸಿ. ನಾಲ್ಕು ಗಂಟು ಇರುವಷ್ಟು ಉದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಎರಡು ಗಂಟು ಮಣ್ಣೊಳಗೆ ಹೋಗುವಂತೆ ನೆಡಿ. ತಳದಲ್ಲಿ ತೂತಿರುವ ಹಳೆಯ ಎಣ್ಣೆ ಡಬ್ಬವೂ ನಡೆಯುತ್ತದೆ. ಮೂರು ದಂಟು ನೆಡಿ, ಒಂದು ಕೊಳೆತರೂ ಎರಡು ಇರುತ್ತವೆ. ಮೊದಲ ವಾರ ನೆರಳಿನಲ್ಲಿಡಿ, ಮಣ್ಣು ತೇವವಾಗಿರಲಿ. ಅದು ಬಾಡಿ ಬಿದ್ದಂತೆ ಕಾಣುತ್ತದೆ, ಕಿತ್ತು ನೋಡಬೇಡಿ. ಚಿಗುರು ಬಂದ ಮೇಲೆ ಗ್ರಿಲ್ಲಿಗೆ ಹಬ್ಬಿಸಿ. ಒಂದು ಮೊಳ ಬೆಳೆದಾಗ ಕುಡಿ ಚಿವುಟಿ, ಪಕ್ಕದಲ್ಲಿ ಕವಲೊಡೆಯುತ್ತದೆ.

ಮೊದಲ ಕೊಯ್ಲಿನಲ್ಲಿ ನನಗೆ ಸಿಕ್ಕಿದ್ದು ಎರಡು ಹಿಡಿ. ತೊಗರಿಬೇಳೆ, ಹಲಸಿನ ಬೀಜ ಹಾಕಿ ಹುಳಿ ಮಾಡಿದೆ. ಒಂದು ಬಟ್ಟಲು ಬಟಾಣಿ ಗೆಳತಿಗೆ ಹೋಯಿತು. ಸಂಜೆ ಊರಿಗೆ ಫೋನು ಮಾಡಿ ಸುದ್ದಿ ಹೇಳಿದೆ. "ಗ್ರಿಲ್ಲಿನ ಹತ್ತಿರ ಹೋಗು," ಎಂದರು ಅಪ್ಪಯ್ಯ, "ಏಳು ನಲವತ್ತರದು ಬರುವ ಹೊತ್ತು." ಬಸಳೆಯ ಬಳ್ಳಿಯ ನಡುವೆ ಫೋನು ಹೊರಗೆ ಚಾಚಿ ಹಿಡಿದೆ. ಗಾಡಿ ದಾಟಿಹೋಗುವವರೆಗೂ ಆ ಕಡೆ ತೂಗುಮಂಚದ ಸರಪಳಿ ಸದ್ದು ಮಾಡಲಿಲ್ಲ.